ಸಿಎಲ್‌ಸಿಎನ್5 ತೆಗೆದ ಕೋಶದಲ್ಲಿ ಆಲ್ಬುಮಿನ್ ಹೀರಿಕೆ ಇಳಿಯುವ ಬದಲು ಏರಿದಂತೆ ಕಾಣುತ್ತಿದೆ, ತಪ್ಪು ಎಲ್ಲಿರಬಹುದು?

ಜೀವಕೋಶ_25

ನಮಸ್ಕಾರ. ವಂಶದಲ್ಲಿ ಬರುವ ಕಿಡ್ನಿ ರೋಗವಾದ ಡೆಂಟ್ ಕಾಯಿಲೆಯ ಮೊದಲ ಬಗೆಗೆ (ಟೈಪ್ 1) ಒಂದು ಕೋಶ ಮಾದರಿ ಕಟ್ಟುತ್ತಿದ್ದೇವೆ. ಸಿಎಲ್‌ಸಿಎನ್5 ಜೀನ್ ಕೆಟ್ಟರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನ (ಕಿಡ್ನಿಯ ಸಣ್ಣ ನಾಳದ ಮೊದಲ ಭಾಗದ) ಕೋಶಗಳು ಸೋಸಿ ಬಂದ ಪ್ರೋಟೀನುಗಳನ್ನು ಒಳಗೆಳೆದುಕೊಳ್ಳಲಾರವು, ಅವು ಮೂತ್ರದಲ್ಲಿ ಹೋಗುತ್ತವೆ. ನಮ್ಮ ತಟ್ಟೆಯಲ್ಲಿ ಮಾತ್ರ ಇದು ತಿರುಗುಮುರುಗಾಗಿದೆ. ಮಾಡಿದ್ದು ಹೀಗೆ:

ಕೋಶ ಎಚ್‌ಕೆ-2 (ಮಾನವನ ಕಿಡ್ನಿಯ ಟ್ಯೂಬ್ಯೂಲ್ ಕೋಶ), 24 ವೆಲ್‌ನ ಪ್ಲಾಸ್ಟಿಕ್ ತಟ್ಟೆ, ತಟ್ಟೆಯ ಶೇ. 80ರಷ್ಟು ತುಂಬಿದಾಗ ಪ್ರಯೋಗ. ಜೀನ್ ಕತ್ತರಿಸುವ ಕ್ರಿಸ್ಪರ್‌ಗೆ ಒಂದೇ ಗೈಡ್ (ಕತ್ತರಿಸುವ ಜಾಗ ತೋರಿಸುವ ಆರ್‌ಎನ್‌ಎ), ಸಿಎಲ್‌ಸಿಎನ್5ರ ಉದ್ದನೆಯ ಟ್ರಾನ್ಸ್‌ಕ್ರಿಪ್ಟ್‌ನ ಮೊದಲ ಕೋಡಿಂಗ್ ಎಕ್ಸಾನ್‌ಗೆ (ಪ್ರೋಟೀನಿನ ಬರಹವಿರುವ ಜೀನ್ ತುಂಡಿಗೆ). ಎರಡು ಕ್ಲೋನ್ ಸಿಕ್ಕಿವೆ, ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ಎರಡೂ ಫ್ರೇಮ್‌ಶಿಫ್ಟ್ (ಓದುವ ಚೌಕಟ್ಟು ಜಾರಿ ಪ್ರೋಟೀನ್ ಕೆಡುವ ಬದಲಾವಣೆ). ಫಿಟ್‌ಸಿ ಎಂಬ ಹೊಳೆಯುವ ಬಣ್ಣ ಕೂಡಿಸಿದ ಆಲ್ಬುಮಿನ್ ಮಿಲಿಲೀಟರಿಗೆ 500 ಮೈಕ್ರೋಗ್ರಾಂ, ಶೇ. 10 ಸೀರಮ್ ಇರುವ ಮೀಡಿಯಂನಲ್ಲೇ, 37 ಡಿಗ್ರಿಯಲ್ಲಿ 2 ಗಂಟೆ. ಆಮೇಲೆ ಪಿಬಿಎಸ್‌ನಲ್ಲಿ ಒಮ್ಮೆ ತೊಳೆದು ಜೀವಂತ ಕೋಶಗಳನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿದ್ದು.

ಕ್ಲೋನ್ 1ರಲ್ಲಿ ಹೊಳಪು ಕಂಟ್ರೋಲ್‌ಗಿಂತ 1.3 ಪಟ್ಟು ಹೆಚ್ಚು. ಕ್ಲೋನ್ 2 ಕಂಟ್ರೋಲ್‌ಗೆ ಸಮ. ಮುಂದೆ ಒಂದು ಕುಟುಂಬದಲ್ಲಿ ಸಿಕ್ಕಿರುವ, ಕಾಯಿಲೆ ತರುತ್ತದೋ ಇಲ್ಲವೋ ಖಚಿತವಿಲ್ಲದ ಮಿಸ್‌ಸೆನ್ಸ್ (ಒಂದು ಅಮೈನೋ ಆಮ್ಲ ಬದಲಾಗುವ) ಬದಲಾವಣೆಯನ್ನು ಇದೇ ಕೋಶಕ್ಕೆ ಹಾಕಿ ನೋಡಬೇಕು. ಅಡಿಪಾಯವೇ ಅಲುಗಾಡುತ್ತಿದ್ದರೆ ಅದರ ಮೇಲೆ ಏನು ಕಟ್ಟಿಯೂ ಪ್ರಯೋಜನವಿಲ್ಲ. ಎಲ್ಲಿಂದ ಸರಿಪಡಿಸುವುದು?

ತುಂಗಾತೀರ

ಮೂರು ಕಡೆ ತೊಂದರೆ ಕಾಣುತ್ತಿದೆ: ಕೋಶ, ಪ್ರಮಾಣ, ಬಣ್ಣ. ಮೂರರಲ್ಲಿ ಬಣ್ಣದ್ದೇ ಹೆಚ್ಚು ಮೋಸ, ಅದರಿಂದಲೇ ಶುರು ಮಾಡುತ್ತೇನೆ.

ಫಿಟ್‌ಸಿಯ ಹೊಳಪು ಸುತ್ತಲಿನ ಆಮ್ಲೀಯತೆಗೆ ತಕ್ಕಂತೆ ಏರಿಳಿಯುತ್ತದೆ, ಅದರ ಪಿಕೆಎ (ಅರ್ಧ ಬಣ್ಣ ಹೊಳೆಯುವ ರೂಪದಲ್ಲಿರುವ ಪಿಎಚ್) ಸುಮಾರು 6.4. ಸಿಎಲ್‌ಸಿಎನ್5 ಜೀನ್ ಕೊಡುವ ಪ್ರೋಟೀನ್ ಸಿಎಲ್‌ಸಿ-5. ಅದು ಇರುವುದು ಎಂಡೋಸೋಮಿನಲ್ಲಿ, ಅಂದರೆ ಒಳಗೆಳೆದುಕೊಂಡದ್ದನ್ನು ಹೊರುವ ಚೀಲದಲ್ಲಿ. ಎರಡು ಕ್ಲೋರೈಡ್‌ಗೆ ಒಂದು ಪ್ರೋಟಾನನ್ನು ಅದಲುಬದಲು ಮಾಡುತ್ತ, ಪ್ರೋಟಾನ್ ಪಂಪಿನ ಕೆಲಸಕ್ಕೆ ಒತ್ತಾಸೆಯಾಗಿರುತ್ತದೆ. ಅದು ಇಲ್ಲದಿದ್ದರೆ ಎಂಡೋಸೋಮ್ ಸಾಕಷ್ಟು ಹುಳಿಯಾಗುವುದಿಲ್ಲ. ಈಗ ಒಂದು ಒರಟು ಲೆಕ್ಕ ಹಾಕಿ. ಕಂಟ್ರೋಲ್ ಕೋಶದ ಎಂಡೋಸೋಮ್ ಪಿಎಚ್ 5.5, ಜೀನ್ ತೆಗೆದದ್ದರಲ್ಲಿ 6.2 ಎಂದುಕೊಳ್ಳಿ. 5.5ರಲ್ಲಿ ಫಿಟ್‌ಸಿಯ ಸುಮಾರು ಶೇ. 11 ಮಾತ್ರ ಹೊಳೆಯುವ ರೂಪದಲ್ಲಿರುತ್ತದೆ, 6.2ರಲ್ಲಿ ಸುಮಾರು ಶೇ. 39. ಕಂಟ್ರೋಲ್ 100 ಪಾಲು ಆಲ್ಬುಮಿನ್ ಒಳಗೆಳೆದುಕೊಂಡರೆ ಕಾಣುವ ಹೊಳಪು 11. ಜೀನ್ ತೆಗೆದದ್ದು ಬರೀ 50 ಪಾಲು ಎಳೆದುಕೊಂಡರೂ ಕಾಣುವುದು 19ರಿಂದ 20. ಹೀರಿಕೆ ಅರ್ಧಕ್ಕೆ ಇಳಿದಿದ್ದರೂ ಕಣ್ಣಿಗೆ ಮುಕ್ಕಾಲು ಪಾಲು ಹೆಚ್ಚಾದಂತೆ ಕಾಣುತ್ತದೆ! ಆಮ್ಲೀಯತೆಯೇ ಕೆಡುವ ಕಾಯಿಲೆಗೆ ಆಮ್ಲೀಯತೆಗೆ ಸ್ಪಂದಿಸುವ ಬಣ್ಣ ಹಾಕಿ ಜೀವಂತ ಕೋಶದಲ್ಲಿ ಹೀರಿಕೆ ಅಳೆಯಲೇಬಾರದು.

ಪರಿಹಾರ ಎರಡು. ಅಲೆಕ್ಸಾ 488 ಅಥವಾ 647 ಬಣ್ಣ ಕೂಡಿಸಿದ ಆಲ್ಬುಮಿನ್ ಬಳಸಿ. ಪಿಎಚ್ 4ರಿಂದ 10ರವರೆಗೆ ಅವುಗಳ ಹೊಳಪು ಹೆಚ್ಚುಕಡಿಮೆ ಒಂದೇ. ಇಲ್ಲವೇ ಕೋಶವನ್ನು ಒಡೆದು, ಪಿಎಚ್ 7.4ರ ಬಫರಿನಲ್ಲಿ ಓದಿ. ಆಗ ಒಳಗಿದ್ದ ಬಣ್ಣವೆಲ್ಲ ಒಂದೇ ಪಿಎಚ್‌ಗೆ ಬರುತ್ತದೆ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನು ಪ್ರಮಾಣ. ಹಸುಗರುವಿನ ಸೀರಮಿನಲ್ಲಿ ಆಲ್ಬುಮಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಆಸುಪಾಸು ಇರುತ್ತದೆ. ಶೇ. 10 ಸೀರಮ್ ಎಂದರೆ 2 ಮಿಲಿಗ್ರಾಂ ಬಣ್ಣವಿಲ್ಲದ ಆಲ್ಬುಮಿನ್, ನೀವು ಹಾಕಿದ ಬಣ್ಣದ್ದರ ನಾಲ್ಕು ಪಟ್ಟು. ಅದೇ ರಿಸೆಪ್ಟರಿಗೆ ಅದೂ ಪೈಪೋಟಿ ನಡೆಸುತ್ತದೆ. ಆಲ್ಬುಮಿನ್ ಹಿಡಿಯುವ ಆ ರಿಸೆಪ್ಟರ್, ಅಂದರೆ ಮೆಗಾಲಿನ್–ಕ್ಯುಬಿಲಿನ್ ಜೋಡಿ, ಮಿಲಿಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ಆಲ್ಬುಮಿನ್‌ಗೇ ಅರ್ಧ ತುಂಬಿಹೋಗುತ್ತದೆ. 500 ಮೈಕ್ರೋಗ್ರಾಂ ಹಾಕಿದಾಗ ನೀವು ಅಳೆಯುವುದು ರಿಸೆಪ್ಟರಿನ ಕೆಲಸವನ್ನಲ್ಲ, ದ್ರವದ ಜೊತೆ ಸುಮ್ಮನೆ ಒಳಬರುವ ಪಾಲನ್ನು.

ಕೊನೆಯದಾಗಿ ಕೋಶ. ಎಚ್‌ಕೆ-2ರಲ್ಲಿ ಮೆಗಾಲಿನ್ ತೀರಾ ಕಡಿಮೆ. ಪಪಿಲೋಮಾ ವೈರಸ್ 16ರ ಇ6/ಇ7 ಹಾಕಿ ಅಮರಗೊಳಿಸಿದ ಕೋಶ ಅದು. ವಿಷಕಾರಿ ಔಷಧಗಳ ಪರೀಕ್ಷೆಗೆ ಸರಿ, ಎಂಡೋಸೈಟೋಸಿಸ್‌ಗೆ, ಅಂದರೆ ಹೀರಿಕೆಯ ಪ್ರಯೋಗಕ್ಕೆ, ಸಲ್ಲದು. ಕಂಟ್ರೋಲಿನಲ್ಲೇ ಇಲ್ಲದ ಹೀರಿಕೆ ಜೀನ್ ತೆಗೆದದ್ದರಲ್ಲಿ ಎಲ್ಲಿಂದ ಇಳಿಯಬೇಕು?

ಮಲೆನಾಡಿಗ_ಬಯೋ

ಮೇಲಿನದೆಲ್ಲ ಸರಿ, ಆದರೆ ಅದಕ್ಕೂ ಮೊದಲು ಒಂದು ಮಾತು. ಗೈಡ್ ಎಲ್ಲಿ ಕತ್ತರಿಸುತ್ತದೆ ನೋಡಿ: "ಉದ್ದನೆಯ ಟ್ರಾನ್ಸ್‌ಕ್ರಿಪ್ಟ್‌ನ ಮೊದಲ ಕೋಡಿಂಗ್ ಎಕ್ಸಾನ್".

ಸಿಎಲ್‌ಸಿ-5ಕ್ಕೆ 746 ಅಮೈನೋ ಆಮ್ಲದ ರೂಪ ಒಂದು, ಅದರ ಮುಂಬದಿಗೆ 70 ಹೆಚ್ಚುವರಿ ಸೇರಿದ 816ರ ರೂಪ ಇನ್ನೊಂದು. ಆ ಹೆಚ್ಚುವರಿ ತುಂಡಿನ ಎಕ್ಸಾನ್‌ಗೆ ಮಾತ್ರ ಗೈಡ್ ಬಿದ್ದಿದ್ದರೆ 746ರ ರೂಪ ತನ್ನದೇ ಪ್ರೊಮೋಟರಿನಿಂದ (ಜೀನ್ ಓದು ಶುರುಮಾಡಿಸುವ ಭಾಗದಿಂದ) ಯಾವ ಅಡ್ಡಿಯೂ ಇಲ್ಲದೆ ಬರುತ್ತಿರುತ್ತದೆ. ಸ್ಯಾಂಗರ್‌ನಲ್ಲಿ ಫ್ರೇಮ್‌ಶಿಫ್ಟ್ ಅಂದವಾಗಿ ಕಾಣುತ್ತದೆ, ಕೋಶದಲ್ಲಿ ಪ್ರೋಟೀನ್ ಹಾಗೇ ಇರುತ್ತದೆ. ಹಾಗಾಗಿದ್ದರೆ ನಿಮ್ಮ 1.3 ಪಟ್ಟು ಬರೀ ಕ್ಲೋನಿನಿಂದ ಕ್ಲೋನಿಗಿರುವ ವ್ಯತ್ಯಾಸ, ಪಿಎಚ್‌ಗೂ ಅದಕ್ಕೂ ಸಂಬಂಧವಿಲ್ಲ. ಕ್ಲೋನ್ 2 ಕಂಟ್ರೋಲ್‌ಗೆ ಸಮ ಇರುವುದೂ ಇದಕ್ಕೆ ಹೊಂದುತ್ತದೆ.

ಗೈಡನ್ನು ಎರಡೂ ರೂಪಗಳಿಗೆ ಸಾಮಾನ್ಯವಾದ, ಪೊರೆ ದಾಟುವ ಭಾಗಗಳ ಎಕ್ಸಾನಿಗೆ ಇಡಿ. 211ನೇ ಗ್ಲುಟಮೇಟ್ ಬಾಗಿಲು ಕಾಯುವುದು, 268ನೆಯದು ಪ್ರೋಟಾನ್ ದಾಟಿಸುವುದು. ಇವೆರಡಕ್ಕಿಂತ ಮೊದಲೇ ಫ್ರೇಮ್ ಕೆಟ್ಟರೆ ಮುಂದೆ ಯಾವ ಎಟಿಜಿಯಿಂದ (ಪ್ರೋಟೀನ್ ಶುರುವಾಗುವ ಗುರುತಿನಿಂದ) ಮತ್ತೆ ಶುರುವಾದರೂ ಕೆಲಸ ಮಾಡುವ ಪ್ರೋಟೀನ್ ಆಗಲಾರದು. ಎರಡು ಬೇರೆ ಬೇರೆ ಗೈಡ್, ಪ್ರತಿ ಗೈಡ್‌ಗೂ ಕನಿಷ್ಠ ಎರಡು ಕ್ಲೋನ್, ಜೊತೆಗೆ ಗುರಿಯಿಲ್ಲದ ಗೈಡ್ ಹಾಕಿ ಅದೇ ಬಗೆಯಲ್ಲಿ ಒಂಟಿ ಕೋಶದಿಂದ ಬೆಳೆಸಿದ ಎರಡು ಕಂಟ್ರೋಲ್ ಕ್ಲೋನ್. ಮೂಲ ಕೋಶರಾಶಿಯನ್ನು ಕಂಟ್ರೋಲ್ ಮಾಡಿಕೊಂಡರೆ ಕ್ಲೋನಿಂಗ್‌ನಿಂದಲೇ ಬರುವ ವ್ಯತ್ಯಾಸ ಜೀನಿನ ತಲೆಗೆ ಬೀಳುತ್ತದೆ.

ಜೀನ್ ಎಕ್ಸ್ ಕ್ರೋಮೋಸೋಮಿನದು, ಎಚ್‌ಕೆ-2 ಗಂಡಸಿನ ಕೋಶ, ಆದ್ದರಿಂದ ಒಂದೇ ಪ್ರತಿ ಎಂದು ನಂಬಬೇಡಿ. ಅಮರಗೊಳಿಸಿದ ಕೋಶಗಳಲ್ಲಿ ಕ್ರೋಮೋಸೋಮುಗಳ ಎಣಿಕೆ ತಪ್ಪಿರುವುದು ಸಾಮಾನ್ಯ. ಪಿಸಿಆರ್ ತುಂಡನ್ನು ಪ್ಲಾಸ್ಮಿಡ್‌ಗೆ ಹಾಕಿ ಹತ್ತಿಪ್ಪತ್ತು ಕಾಲನಿ ಓದಿಸಿ, ಅಥವಾ ಆಂಪ್ಲಿಕಾನ್ ಸೀಕ್ವೆನ್ಸಿಂಗ್ ಮಾಡಿಸಿ. ಕೆಡದ ಪ್ರತಿ ಒಂದೂ ಉಳಿದಿಲ್ಲವೆಂದು ಖಾತ್ರಿಯಾಗಲಿ.

ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡುವಾಗ ಸ್ಯಾಂಪಲನ್ನು 95 ಡಿಗ್ರಿಗೆ ಕುದಿಸಬೇಡಿ. ಪೊರೆಯನ್ನು ಹಲವು ಬಾರಿ ದಾಟುವ ಪ್ರೋಟೀನುಗಳು ಕುದಿಸಿದರೆ ಅಂಟಿಕೊಂಡು ಜೆಲ್‌ನ ಬಾಯಲ್ಲೇ ನಿಲ್ಲುತ್ತವೆ. 37 ಡಿಗ್ರಿಯಲ್ಲಿ 30 ನಿಮಿಷ ಸಾಕು. ಆಂಟಿಬಾಡಿಯನ್ನು ಜೀನ್ ತೆಗೆದ ಕೋಶದ ಎದುರಿಗೇ ಪರೀಕ್ಷಿಸಿ, ಮಾರುವವರ ಚಿತ್ರ ನೋಡಿ ನಂಬಬೇಡಿ.

ತುಂಗಾತೀರ

ಗೈಡ್ ವಿಷಯ ನಾನು ಗಮನಿಸಿರಲಿಲ್ಲ. ಅದೇ ಮೊದಲು ಬಗೆಹರಿಯಬೇಕು. ಬಣ್ಣದ ಮಾತು ಸರಿಯಾದ ಕ್ಲೋನ್ ಕೈಗೆ ಬಂದ ಮೇಲೆ ಅನ್ವಯಿಸುತ್ತದೆ, ಆಗ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಜೀವಕೋಶ_25

ನೋಡಿದೆವು. ಗೈಡ್ ಬಿದ್ದಿರುವುದು ಉದ್ದ ರೂಪದ ಎಕ್ಸಾನ್‌ಗೆ ಮಾತ್ರ. 746ರ ರೂಪದ ಆರ್‌ಎನ್‌ಎ ಎರಡೂ ಕ್ಲೋನಿನಲ್ಲಿ ಇದೆ. ಹೊಸದಾಗಿ ಶುರು ಮಾಡುವುದಾದರೆ ಯಾವ ಕೋಶ? ಓಕೆ ಕೋಶದಲ್ಲಿ ಹಂತ ಹಂತವಾಗಿ ಹೇಗೆ ಮಾಡುವುದು ಎಂದು ಯಾರಾದರೂ ಬರೆದರೆ ಉಪಕಾರ.

ಕಾವೇರಿ_ಕೋಶ

ಕೋಶದ ಆಯ್ಕೆ ಪ್ರಶ್ನೆಗೆ ತಕ್ಕಂತೆ.

ಓಕೆ ಕೋಶ: ಅಮೆರಿಕದ ಒಪೊಸಮ್ ಎಂಬ ಹೊಟ್ಟೆಚೀಲದ ಪ್ರಾಣಿಯ ಕಿಡ್ನಿಯಿಂದ ಬಂದದ್ದು. ಮೆಗಾಲಿನ್, ಕ್ಯುಬಿಲಿನ್ ಎರಡೂ ಇವೆ, ಹೀರಿಕೆ ಗಟ್ಟಿಯಾಗಿದೆ, ಬೆಳೆಸುವುದು ಸುಲಭ. ತೊಂದರೆ ಎಂದರೆ ಮಾನವನ ಪ್ರೋಟೀನಿಗೆಂದು ಮಾಡಿದ ಎಷ್ಟೋ ಆಂಟಿಬಾಡಿಗಳು ಹತ್ತುವುದಿಲ್ಲ. ಗೈಡ್ ಬರೆಯುವಾಗಲೂ ಎಚ್ಚರ ಬೇಕು. 2007ರಲ್ಲಿ ಪ್ರಕಟವಾದ ಒಪೊಸಮ್ ಜೀನೋಮ್ ಮೊನೊಡೆಲ್ಫಿಸ್ ಜಾತಿಯದು, ಓಕೆ ಕೋಶ ಡೈಡೆಲ್ಫಿಸ್ ಜಾತಿಯದು. ಗುರಿಯ ಎಕ್ಸಾನನ್ನು ನಿಮ್ಮ ಕೋಶದಿಂದಲೇ ಪಿಸಿಆರ್ ಮಾಡಿ ಓದಿಸಿಕೊಂಡು ಆಮೇಲೆ ಗೈಡ್ ಬರೆಯಿರಿ. 20 ಅಕ್ಷರದಲ್ಲಿ ಎರಡು ತಪ್ಪಿದರೂ ಕತ್ತರಿ ಮೊಂಡಾಗುತ್ತದೆ.

ಮಾನವ ಕೋಶವೇ ಬೇಕೆಂದರೆ ಆರ್‌ಪಿಟಿಇಸಿ/ಟರ್ಟ್1. ಅದು ಪೂರ್ತಿ ತುಂಬಿ, ಬೆಳವಣಿಗೆ ನಿಂತು, ಹತ್ತು ದಿನವಾದರೂ ಹಾಗೇ ಕೂತ ಮೇಲೆ ಪ್ರಯೋಗಕ್ಕೆ ಬರುತ್ತದೆ. ತಟ್ಟೆಯಲ್ಲಿ ಗುಮ್ಮಟದಂಥ ಉಬ್ಬುಗಳು ಎದ್ದರೆ ಕೋಶಗಳು ನೀರು, ಉಪ್ಪು ಸಾಗಿಸುತ್ತಿವೆ ಎಂದರ್ಥ. ಅದು ಕಣ್ಣಿಗೇ ಕಾಣುವ ಒಳ್ಳೆಯ ಗುರುತು. ಶೇ. 80 ತುಂಬಿದ ತಟ್ಟೆಯಲ್ಲಿ ಯಾವ ಟ್ಯೂಬ್ಯೂಲ್ ಕೋಶವೂ ತನ್ನ ನಿಜವಾದ ಕೆಲಸ ಮಾಡುವುದಿಲ್ಲ.

ಓಕೆ ಕೋಶಕ್ಕೆ ಹೀಗೆ ಮಾಡಿ. 12 ಮಿಮೀ ವ್ಯಾಸದ, 0.4 ಮೈಕ್ರಾನ್ ರಂಧ್ರದ ಫಿಲ್ಟರ್ ಇನ್‌ಸರ್ಟ್. ಒಂದಕ್ಕೆ 4 ಲಕ್ಷ ಕೋಶ, ಮೇಲೆ 0.5 ಮಿಲಿ, ಕೆಳಗೆ 1.5 ಮಿಲಿ, ಡಿಎಂಇಎಂ/ಎಫ್12 ಮೀಡಿಯಂ, ಶೇ. 5 ಸೀರಮ್. ಮರುದಿನ ತಟ್ಟೆಯನ್ನು ಇನ್‌ಕ್ಯುಬೇಟರ್ ಒಳಗಿನ ಆರ್ಬಿಟಲ್ ಶೇಕರಿಗೆ ಏರಿಸಿ, ನಿಮಿಷಕ್ಕೆ 146 ಸುತ್ತು, 72 ಗಂಟೆ. ಟ್ಯೂಬ್ಯೂಲಿನಲ್ಲಿ ಕೋಶದ ಮೇಲೆ ದ್ರವ ಸದಾ ಹರಿಯುತ್ತಿರುತ್ತದೆ. ಆ ಎಳೆತ ಸಿಕ್ಕಿದಾಗ ಓಕೆ ಕೋಶ ಎತ್ತರ ಬೆಳೆಯುತ್ತದೆ, ಮೈಕ್ರೋವಿಲ್ಲೈ ದಟ್ಟವಾಗುತ್ತವೆ, ಹೀರಿಕೆ ಏರುತ್ತದೆ. ಪಿಟ್ಸ್‌ಬರ್ಗಿನ ಓರಾ ವೈಸ್ ತಂಡ ಈ ವಿಧಾನವನ್ನು ಬಳಕೆಗೆ ತಂದಿದೆ.

ಶೇಕರಿನ ಮೋಟಾರು ಇನ್‌ಕ್ಯುಬೇಟರ್ ಒಳಗೇ ಬಿಸಿ ಬಿಡುತ್ತದೆ. ಬಾಗಿಲಿನ ಮೇಲಿನ ಅಂಕಿ 37 ಎಂದೇ ತೋರಿಸುತ್ತಿದ್ದರೂ ಶೇಕರಿನ ತಟ್ಟೆಯ ಮೇಲೆ ಒಂದೆರಡು ಡಿಗ್ರಿ ಹೆಚ್ಚಿರಬಹುದು. ಒಂದು ವೆಲ್‌ಗೆ ನೀರು ಹಾಕಿ, ಅದರಲ್ಲೇ ಥರ್ಮಾಮೀಟರ್ ಮುಳುಗಿಸಿ ನೋಡಿ. ಇಲ್ಲದಿದ್ದರೆ ಅಂಚಿನ ವೆಲ್‌ಗಳು ಒಣಗಿ, ಅಂಚಿಗೂ ನಡುವಿಗೂ ಬೇರೆ ಉತ್ತರ ಬರುತ್ತದೆ.

ಹೀರಿಕೆ ಅಳೆಯುವ ದಿನ: ಸೀರಮ್ ಇಲ್ಲದ ಮೀಡಿಯಂನಲ್ಲಿ ಒಂದು ಗಂಟೆ. ಕ್ಯಾಲ್ಸಿಯಂ ಇರಲೇಬೇಕು, ಅದಿಲ್ಲದೆ ಮೆಗಾಲಿನ್ ತನ್ನ ಸರಕನ್ನು ಹಿಡಿಯುವುದಿಲ್ಲ. ಅಲೆಕ್ಸಾ 647-ಆಲ್ಬುಮಿನ್ ಮಿಲಿಲೀಟರಿಗೆ 40 ಮೈಕ್ರೋಗ್ರಾಂ, ಮೇಲ್ಭಾಗಕ್ಕೆ ಮಾತ್ರ, 37 ಡಿಗ್ರಿ, 15 ನಿಮಿಷ. ತಕ್ಷಣ ಐಸ್ ಮೇಲೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ತಣ್ಣನೆ ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ, ಕೆಳಭಾಗವನ್ನೂ ಸೇರಿಸಿ. ಫಿಲ್ಟರನ್ನು ಚಾಕುವಿನಿಂದ ಕತ್ತರಿಸಿ ಟ್ಯೂಬಿಗೆ ಹಾಕಿ, 20 ಮಿಲಿಮೋಲಾರ್ ಮಾಪ್ಸ್, ಶೇ. 0.1 ಟ್ರೈಟಾನ್ ಎಕ್ಸ್-100, ಪಿಎಚ್ 7.4ರ ಬಫರ್ 300 ಮೈಕ್ರೋಲೀಟರ್ ಹಾಕಿ ಐಸ್ ಮೇಲೆ ಅಲುಗಾಡಿಸಿ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವದ ಹೊಳಪು ಓದಿ. ಅದೇ ದ್ರವದಲ್ಲಿ ಬಿಸಿಎ (ಒಟ್ಟು ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿ, ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಎಂದು ಬರೆಯಿರಿ.

ಜೊತೆಗೆ ಇರಲೇಬೇಕಾದ ಕಂಟ್ರೋಲ್: 4 ಡಿಗ್ರಿಯಲ್ಲಿಟ್ಟ ಫಿಲ್ಟರ್ (ಇದು ಮೇಲ್ಮೈಗೆ ಬರೀ ಅಂಟಿಕೊಂಡಿರುವ ಪಾಲು, ಕಳೆಯಬೇಕು); ಬಣ್ಣವೇ ಹಾಕದ ಫಿಲ್ಟರ್; ನೂರು ಪಟ್ಟು, ಅಂದರೆ ಮಿಲಿಲೀಟರಿಗೆ 4 ಮಿಲಿಗ್ರಾಂ ಬಣ್ಣವಿಲ್ಲದ ಆಲ್ಬುಮಿನ್ ಜೊತೆ ಹಾಕಿದ್ದು; 1 ಮೈಕ್ರೋಮೋಲಾರ್ ರ್‍ಯಾಪ್ ಪ್ರೋಟೀನ್ (ಮೆಗಾಲಿನ್ ಸರಕು ಹಿಡಿಯದಂತೆ ತಡೆಯುವಂಥದ್ದು) ಜೊತೆ ಹಾಕಿದ್ದು. ಕೊನೆಯ ಎರಡರಲ್ಲಿ ಹೊಳಪು ಚೆನ್ನಾಗಿ ಇಳಿಯದಿದ್ದರೆ ನಿಮ್ಮ ಹೀರಿಕೆ ರಿಸೆಪ್ಟರಿನದಲ್ಲ. ಅಲ್ಲೇ ನಿಲ್ಲಿಸಿ, ಜೀನ್ ತೆಗೆದ ಕೋಶವನ್ನು ಮುಟ್ಟಲೇಬೇಡಿ.

ಕೊಂಡುತಂದ ಬಣ್ಣದ ಆಲ್ಬುಮಿನ್‌ನಲ್ಲಿ ಬಿಡಿ ಬಣ್ಣ ಉಳಿದಿರುತ್ತದೆ, ಹಳೆಯದಾದಷ್ಟೂ ಹೆಚ್ಚು. ಬಳಸುವ ಮುನ್ನ ಡೀಸಾಲ್ಟಿಂಗ್ ಕಾಲಮ್ಮಿನಲ್ಲಿ ಒಮ್ಮೆ ಇಳಿಸಿ. ಮತ್ತು ಟಿಇಇಆರ್ (ಕೋಶದ ಪದರದ ವಿದ್ಯುತ್ ಪ್ರತಿರೋಧ) ಅಂಕಿ ನೋಡಿ "ಪದರ ಸೋರುತ್ತಿದೆ" ಎಂದು ಗಾಬರಿಯಾಗಬೇಡಿ. ಪ್ರಾಕ್ಸಿಮಲ್ ಟ್ಯೂಬ್ಯೂಲ್ ಸ್ವಭಾವತಃ ಸೋರುವ ಎಪಿಥೀಲಿಯಂ, ಅದರ ವಿದ್ಯುತ್ ಪ್ರತಿರೋಧ ಕಡಿಮೆಯೇ.

ಮಲೆನಾಡಿಗ_ಬಯೋ

15 ನಿಮಿಷ ಏಕೆ, 2 ಗಂಟೆ ಏಕಲ್ಲ ಎಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಕೋಶದಲ್ಲಿರುವ ಬಣ್ಣ ಎಂದರೆ ಒಳಬಂದದ್ದರಲ್ಲಿ ಒಡೆದು ಹೊರಹೋದದ್ದನ್ನು ಕಳೆದ ಮೊತ್ತ. ಮೊದಲ ಹದಿನೈದು ನಿಮಿಷ ಹೆಚ್ಚಿನ ಆಲ್ಬುಮಿನ್ ಇನ್ನೂ ಎಂಡೋಸೋಮಿನಲ್ಲಿರುತ್ತದೆ. ಎರಡು ಗಂಟೆಗೆ ಲೈಸೋಸೋಮಿಗೆ (ಪ್ರೋಟೀನ್ ಒಡೆಯುವ ಚೀಲಕ್ಕೆ) ಹೋಗಿ, ಚೂರಾಗಿ, ಬಣ್ಣದ ಚೂರುಗಳು ಮೀಡಿಯಂಗೆ ಸೋರಲು ತೊಡಗಿರುತ್ತವೆ. ಜೀನ್ ಕೆಟ್ಟು ಒಡೆಯುವ ಕೆಲಸ ನಿಧಾನವಾಗಿದ್ದರೆ ಆಲ್ಬುಮಿನ್ ಒಳಗೇ ಕೂತು, ಹೀರಿಕೆ ಹೆಚ್ಚಾದಂತೆ ಕಾಣುತ್ತದೆ. ಸಿಸ್ಟಿನೋಸಿಸ್ ಮೇಲೆ, ಅಂದರೆ ಸಿಟಿಎನ್ಎಸ್ ಜೀನ್ ಮೇಲೆ ಕೆಲಸ ಮಾಡುವವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ಅಲ್ಲಿ ಕೆಟ್ಟಿರುವುದೇ ಲೈಸೋಸೋಮ್.

ಎರಡನ್ನೂ ಬೇರ್ಪಡಿಸಲು: 15 ನಿಮಿಷ ಉಣಿಸಿ, ತೊಳೆದು, ಬಣ್ಣವಿಲ್ಲದ ಮೀಡಿಯಂನಲ್ಲಿ 0, 30, 60, 120 ನಿಮಿಷ ಬಿಡಿ. ಪ್ರತಿ ಹೊತ್ತಿಗೂ ಕೋಶ ಬೇರೆ, ಮೀಡಿಯಂ ಬೇರೆ. ಮೀಡಿಯಂಗೆ ಶೇ. 10 ಆಗುವಷ್ಟು ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ ಐಸ್ ಮೇಲೆ 30 ನಿಮಿಷ ಇಟ್ಟು ಸೆಂಟ್ರಿಫ್ಯೂಜ್ ಮಾಡಿದರೆ ಇಡೀ ಆಲ್ಬುಮಿನ್ ಕೆಳಗೆ, ಒಡೆದ ಚೂರು ಮೇಲೆ. ಮೇಲಿನ ದ್ರವ ಓದುವ ಮೊದಲು ಪಿಎಚ್ ಸರಿಮಾಡುವುದು ಮರೆಯಬೇಡಿ. ಒಂದು ಸಾಲಿಗೆ 100 ಮೈಕ್ರೋಮೋಲಾರ್ ಲ್ಯುಪೆಪ್ಟಿನ್ (ಪ್ರೋಟೀನ್ ಒಡೆಯುವುದನ್ನು ತಡೆಯುವ ವಸ್ತು) ಹಾಕಿ. ಅಲ್ಲಿ ಚೂರು ಕಡಿಮೆಯಾದರೆ ನೀವು ಅಳೆಯುತ್ತಿರುವುದು ನಿಜವಾಗಿಯೂ ಲೈಸೋಸೋಮಿನ ಕೆಲಸ.

ಇನ್ನೊಂದು ವಿಷಯ. "ಹುಳಿಯಾಗುವುದಿಲ್ಲ, ಆದ್ದರಿಂದ ಹೀರಿಕೆ ಇಲ್ಲ" ಎಂಬುದು ಅರ್ಧ ಕಥೆ. 2010ರಲ್ಲಿ ಬರ್ಲಿನ್‌ನ ಥಾಮಸ್ ಯೆಂಚ್ ತಂಡ 211ನೇ ಗ್ಲುಟಮೇಟ್ ಜಾಗಕ್ಕೆ ಅಲನಿನ್ ಇಟ್ಟ ಇಲಿಗಳನ್ನು ಮಾಡಿತು. ಆಗ ಸಿಎಲ್‌ಸಿ-5 ಬರೀ ಕ್ಲೋರೈಡ್ ಹರಿಬಿಡುವ ಕಾಲುವೆಯಾಗುತ್ತದೆ. ಎಂಡೋಸೋಮ್ ಸರಿಯಾಗೇ ಹುಳಿಯಾಯಿತು, ಆದರೂ ಹೀರಿಕೆ ಕೆಟ್ಟಿತು. ಅದಲುಬದಲು ಮಾಡುವ ಗುಣವೇ ಬೇಕು ಎಂದಾಯಿತು. ಹಾಗಾಗಿ ಲೈಸೋಟ್ರ್ಯಾಕರ್ (ಹುಳಿಯಾದ ಚೀಲಗಳನ್ನು ತೋರಿಸುವ ಬಣ್ಣ) ಹೊಳಪು ಸರಿಯಿದೆ ಎಂದು ಯಾವ ಬದಲಾವಣೆಗೂ "ನಿರಪಾಯ" ಚೀಟಿ ಅಂಟಿಸಬೇಡಿ.

ಕಾವೇರಿ_ಕೋಶ

ಅದೇ ಮಾತು ನಿಮ್ಮ ಮಿಸ್‌ಸೆನ್ಸ್ ಪರೀಕ್ಷೆಗೂ ಬರುತ್ತದೆ. ಜೀನ್ ತೆಗೆದ ಕೋಶಕ್ಕೆ ಸಿಡಿಎನ್‌ಎ (ಜೀನಿನ ಕೋಡಿಂಗ್ ಪ್ರತಿ) ಮರಳಿ ಹಾಕುವಾಗ ಸಿಎಂವಿಯಂಥ ಬಿರುಸಿನ ಪ್ರೊಮೋಟರ್ ಬೇಡ, ಪಿಜಿಕೆಯಂಥ ಮೆದು ಪ್ರೊಮೋಟರ್ ಸಾಕು. ಮಿತಿಮೀರಿ ಬಂದ ಸಿಎಲ್‌ಸಿ-5 ಎಂಡೋಸೋಮ್ ಬಿಟ್ಟು ಕೋಶದ ಹೊರಪೊರೆಗೂ ಹರಡುತ್ತದೆ, ಅರ್ಧ ಕೆಟ್ಟ ಪ್ರೋಟೀನ್ ಕೂಡ ಪ್ರಮಾಣದ ಬಲದಿಂದ ಕೆಲಸ ಮಾಡಿದಂತೆ ತೋರುತ್ತದೆ. ಖಾಲಿ ವೆಕ್ಟರ್, ಸಹಜ ರೂಪ, 211 ಅಲನಿನ್ ರೂಪ, ನಿಮ್ಮ ರೂಪ, ಈ ನಾಲ್ಕೂ ಒಂದೇ ದಿನ, ಒಂದೇ ಪ್ಯಾಸೇಜಿನಲ್ಲಿ ನಡೆಯಲಿ.

ಹೀರಿಕೆ ಮರಳದಿದ್ದರೆ ಪ್ರೋಟೀನ್ ಎಲ್ಲಿ ಸಿಕ್ಕಿಕೊಂಡಿದೆ ನೋಡಿ. ಎಂಡೋ ಎಚ್ ಎಂಜೈಮಿಗೆ ಸಕ್ಕರೆಯ ಸರಪಣಿ ಕಳಚಿ ಬ್ಯಾಂಡ್ ಕೆಳಗಿಳಿದರೆ ಅದು ಇಆರ್‌ನಿಂದ (ಪ್ರೋಟೀನ್ ತಯಾರಾಗುವ ಜಾಗದಿಂದ) ಹೊರಟೇ ಇಲ್ಲ. ಎಂಡೋ ಎಚ್‌ಗೆ ಜಗ್ಗದೆ, ಪಿಎನ್‌ಜಿ ಎಫ್‌ಗೆ ಮಾತ್ರ ಇಳಿದರೆ ಗಾಲ್ಜಿ ದಾಟಿದೆ, ದೋಷ ಮುಂದಿನದು. ಆಗ ಎಚ್‌ಇಕೆ293 ಕೋಶದಲ್ಲಿ ಪ್ಯಾಚ್ ಕ್ಲ್ಯಾಂಪ್ (ಪೊರೆ ದಾಟುವ ವಿದ್ಯುತ್ ಪ್ರವಾಹ ಅಳೆಯುವ ವಿಧಾನ) ಮಾಡಿ. ಪ್ರವಾಹ ಕಾಣುವುದು +20 ಮಿಲಿವೋಲ್ಟ್ ದಾಟಿದ ಮೇಲೆಯೇ, 0ರ ಆಸುಪಾಸಿನಲ್ಲಿ ಹುಡುಕಿ "ಇಲ್ಲ" ಎನ್ನಬೇಡಿ.

ಒಂದು ಬದಲಾವಣೆಯ ಫಲಿತಾಂಶವನ್ನು ವೈದ್ಯರ ವರದಿಗೆ ಕೊಡುವ ಅವಸರ ಬೇಡ. ಜೀನ್ ಬದಲಾವಣೆಗಳ ಪುರಾವೆಯನ್ನು ತೂಗುವ ಕ್ಲಿನ್‌ಜೆನ್ ಸಂಘಟನೆಯ ಶಿಫಾರಸಿನಂತೆ, ವಿಸ್ತಾರವಾದ ಸಂಖ್ಯಾಶಾಸ್ತ್ರ ಇಲ್ಲದಿದ್ದರೆ ಕಾಯಿಲೆ ತರುವುದು, ತರದಿರುವುದು ಎಂದು ಮೊದಲೇ ಗೊತ್ತಿರುವ ಒಟ್ಟು 11 ಬದಲಾವಣೆಗಳನ್ನಾದರೂ ಅದೇ ಪರೀಕ್ಷೆಯಲ್ಲಿ ಓಡಿಸಿರಬೇಕು, ಆಗ ಮಾತ್ರ ಅದಕ್ಕೆ ಮಧ್ಯಮ ತೂಕ. ನಿರಪಾಯ ಎಂಬ ಕಡೆಗೆ, ಜನಸಂಖ್ಯೆಯ ದತ್ತಾಂಶದಲ್ಲಿ ಹಲವು ಗಂಡಸರಲ್ಲಿ ಕಾಣುವ ಮಿಸ್‌ಸೆನ್ಸ್‌ಗಳನ್ನು ಆರಿಸಿಕೊಳ್ಳಿ. ಒಂದೇ ಎಕ್ಸ್ ಇರುವವರಲ್ಲಿ ದೋಷ ಅಡಗಿ ಕೂರಲಾರದು. ಒಂದು ಮನೆತನದ ಹುಡುಗರ ಮುಂದಿನ ಪರೀಕ್ಷೆಗಳೆಲ್ಲ ವರದಿಯ ಆ ಒಂದು ಸಾಲಿನ ಮೇಲೆ ನಿಲ್ಲುತ್ತವೆ. ಲೆಂಟಿವೈರಸ್ ಬಳಸುವುದಾದರೆ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಕೋಶ ಬೆಳೆಸುವ ಮೊದಲೇ ಕೈಯಲ್ಲಿರಲಿ.

ಜೀವಕೋಶ_25

ಎಲ್ಲರಿಗೂ ತುಂಬ ಧನ್ಯವಾದ. ಓಕೆ ಕೋಶದಲ್ಲಿ, ಎರಡೂ ರೂಪಗಳಿಗೆ ಸಾಮಾನ್ಯವಾದ ಎಕ್ಸಾನಿಗೆ ಎರಡು ಗೈಡ್ ಇಟ್ಟು ಮತ್ತೆ ಶುರು ಮಾಡುತ್ತೇವೆ. ಒಂದೇ ಸಂದೇಹ: ಮೆಗಾಲಿನ್ ವೆಸ್ಟರ್ನ್‌ನಲ್ಲಿ ಬ್ಯಾಂಡೇ ಬರುತ್ತಿಲ್ಲ. ಶೇ. 10 ಜೆಲ್, ಒಂದು ಗಂಟೆ ಟ್ರಾನ್ಸ್‌ಫರ್.

ತುಂಗಾತೀರ

ಮೆಗಾಲಿನ್ ಸುಮಾರು 600 ಕಿಲೋಡಾಲ್ಟನ್. ಶೇ. 10 ಜೆಲ್‌ನೊಳಗೆ ಅದು ಇಳಿಯುವುದೇ ಇಲ್ಲ, ವೆಲ್‌ನ ಬಾಯಲ್ಲಿ ಕೂತಿರುತ್ತದೆ. ಶೇ. 3–8ರ ಟ್ರಿಸ್-ಅಸಿಟೇಟ್ ಗ್ರೇಡಿಯಂಟ್ ಜೆಲ್ ತೆಗೆದುಕೊಳ್ಳಿ, ಅತಿ ದೊಡ್ಡ ಗುರುತಿನ ಬ್ಯಾಂಡ್ ಜೆಲ್‌ನ ಅರ್ಧ ದಾಟುವವರೆಗೆ ಓಡಿಸಿ. ಟ್ರಾನ್ಸ್‌ಫರ್ ಒದ್ದೆ ವಿಧಾನದಲ್ಲೇ ಆಗಲಿ: 4 ಡಿಗ್ರಿ, 30 ವೋಲ್ಟ್, ರಾತ್ರಿಯಿಡೀ. ಮೆಥನಾಲ್ ಶೇ. 10ಕ್ಕಿಂತ ಹೆಚ್ಚು ಬೇಡ, ಅದು ದೊಡ್ಡ ಪ್ರೋಟೀನನ್ನು ಜೆಲ್‌ನಲ್ಲೇ ಕುಗ್ಗಿಸಿ ಹಿಡಿಯುತ್ತದೆ, ಎಸ್‌ಡಿಎಸ್ ಶೇ. 0.05 ಸೇರಿಸಿದರೆ ಹೊರಬರಲು ಸಲೀಸು. ಟ್ರಾನ್ಸ್‌ಫರ್ ಆದ ಮೇಲೆ ಜೆಲ್‌ಗೆ ಕೂಮಾಸಿ ಹಾಕಿ, ಮೇಲ್ತುದಿಯಲ್ಲಿ ನೀಲಿ ಉಳಿದಿದೆಯೇ ನೋಡಿ. ಆಂಟಿಬಾಡಿ ಒಪೊಸಮ್ ಮೆಗಾಲಿನ್‌ಗೆ ಹತ್ತುತ್ತದೆಯೇ ಎಂದು ಮಾರುವವರನ್ನು ಮೊದಲೇ ಕೇಳಿ, ಕೆಲವು ಆಂಟಿಬಾಡಿಗಳಿಗೆ ಬೀಟಾ-ಮರ್ಕ್ಯಾಪ್ಟೋಎಥನಾಲ್ ಇಲ್ಲದ ಸ್ಯಾಂಪಲ್ ಬೇಕು ಎಂಬುದನ್ನೂ ವಿಚಾರಿಸಿ.

ಬ್ಯಾಂಡ್ ಬಂದ ಮೇಲೆ ಕಂಟ್ರೋಲ್ ಕ್ಲೋನುಗಳಲ್ಲೇ ಮೆಗಾಲಿನ್ ಪ್ರಮಾಣ ಎಷ್ಟು ಏರಿಳಿಯುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. ಸಿಎಲ್‌ಸಿಎನ್5 ಇಲ್ಲದ ಇಲಿಗಳ ಟ್ಯೂಬ್ಯೂಲಿನಲ್ಲಿ ಮೆಗಾಲಿನ್, ಕ್ಯುಬಿಲಿನ್ ಎರಡೂ ಮೇಲ್ಮೈಯಿಂದ ಕಡಿಮೆಯಾಗಿರುತ್ತವೆ. ನಿಮ್ಮ ಕೋಶದಲ್ಲಿ ಅದೇ ಆಗಿದೆಯೋ, ಇಲ್ಲ ಮೆಗಾಲಿನ್ ಮೊದಲೇ ಕಡಿಮೆಯಿದ್ದ ಕ್ಲೋನ್ ನಿಮ್ಮ ಪಾಲಿಗೆ ಬಂದಿದೆಯೋ ಎಂಬುದು, ಸಹಜ ಸಿಡಿಎನ್‌ಎ ಮರಳಿ ಹಾಕಿದಾಗ ಮೆಗಾಲಿನ್ ಏರುತ್ತದೆಯೇ ಎನ್ನುವುದರಿಂದ ತಿಳಿಯುತ್ತದೆ.